ತಿರುವಿನ ತಾಯಿಯ ಮುಖದ ಬಾಣ

ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ಯಲಗೂರಪ್ಪ ಕಣ್ಣು ಮುಚ್ಚಿ ಬಾಯಿಪಾಠದ ವಚನ ಹೇಳಿಕೊಳ್ಳುತ್ತಿದ್ದ. ಪಕ್ಕದಲ್ಲಿ ಅತ್ತೆ ಸೊಸೆ ಕೂತಿದ್ದರು. ಸೊಸೆಯ ಚೀಲದಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು.

“ಚಿಮಣಿ ಎಣ್ಣಿಗೆ ಆ ಬಣ್ಣ ಹೋಗ್ತೈತೇನ, ವೃಷಾಲಿ? ನಾಳೆ ಅಮಾಸಿ ಪೂಜಿ ಐತಿ.”

“ಹೋಗೂದು ಕಠಿಣ ಐತ್ರಿ ಅತ್ತಿ. ಕಾರಖಾನಿದಾಗ ಕಬ್ಬಿಣಕ್ಕ ಹೊಡಿಯೂ ಬಣ್ಣ ಅದು.”

“ಥೂ! ಸೈಕಲ್ ಓಟದ ಶರ್ಯತ್ತಿನ ಮಂದಿಗೆ ದಾರಿ ತೋರಸಾಕ ನಮ್ಮ ಘಾಟಿನ ತಾಯಿ ಮಾರಿ ಮ್ಯಾಲನ ಬಾಣ ಬರೀಬೇಕಾಗಿತ್ತೇನ?”

“ತಿರುವಿನ್ಯಾಗ ಬ್ಯಾರೆ ಕಲ್ಲ ಇರಲಿಲ್ಲಂತ್ರಿ. ಏರಿ ಹತ್ತಿ ಬರಾವ್ರಿಗೆ ಬಾಣ ದೂರಿಂದ ಕಾಣಬೇಕಂತ.”

“ಬಾಣ ಹೊಡದಾಂವ ನನ್ನ ಹೊಟ್ಟ್ಯಾಗ ಹುಟ್ಟಿದ ನಿಲೇಶ! ಹೇಳಾಕ ಹೇಸಿಕಿ ಬರ್ತೈತಿ. ಅದು ದೇವ್ರಂತ ಅವಂಗ ಗೊತ್ತಾಗಲಿಲ್ಲೇನ?”

“ಗೊತ್ತಿತ್ರಿ. ಚಪ್ಪಲಿ ಕಳದು, ಕೈ ಮುಗದು, ಆಮ್ಯಾಲ ಹೊಡದಾರಂತ.”

ಯಲಗೂರಪ್ಪನ ವಚನ ನಾಲಿಗೆಯ ಮೇಲೇ ನಿಂತಿತು.

ಬಸ್ಸು ಬಂತು. ಮುದುಕಿ ಸೊಸೆಯ ಕೈಯಿಂದ ಚೀಲ ಕಸಿದುಕೊಂಡು ಮೆಟ್ಟಿಲು ಹತ್ತಿದಳು.

“ಚಪ್ಪಲಿ ಮೆಟ್ಟಿಕೊಂಡ ಹೊಡದಿದ್ರ, ತಿಳೀದ ಮಾಡ್ಯಾನ ಅಂತ ತಾಯಿ ಮುಂದ ಸುಳ್ಳರ ಹೇಳತಿದ್ನೆಲ್ಲ! ಈಗ ಏನ್ ಹೇಳಿ ತಿಕ್ಕಲಿ?”