ಟ್ರೆಡ್‌ಮಿಲ್ಲಿನ ಕೆಂಪು ದಾರ

ಸಂಘದ ಅಧ್ಯಕ್ಷರಾದ ಅನಿಲಕುಮಾರ ಅವರೇ, ಠಾಣೆಯಿಂದ ಮುಂಬಯಿ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದು ಈಗಷ್ಟೇ ಕುರ್ಚಿ ಕಂಡಿರುವ ಮುಖ್ಯ ಅತಿಥಿ ಡಾಕ್ಟರ್ ಪುಂಡರೀಕಾಕ್ಷ ಅವರೇ, ಮಹಿಳಾ ವಿಭಾಗದ ದಾನಮ್ಮನವರೇ, ಉಪ್ಪಿಟ್ಟು ಮುಗಿದ ಮೇಲೂ ಎದ್ದು ಹೋಗದೆ ಕುಳಿತಿರುವ ಕಲ್ಯಾಣದ ನನ್ನ ಪ್ರೀತಿಯ ಸಭಿಕರೇ,

ಇಂದು ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ. ಜೊತೆಗೆ ಹೊಸ ವ್ಯಾಯಾಮ ಕೊಠಡಿಯ ಉದ್ಘಾಟನೆ. ಆ ಕೊಠಡಿಗೆ ನಾನು, ಅಂದರೆ ಬೆಲ್ಲದ ವ್ಯಾಪಾರಿ ರಾಯಪ್ಪ, ನಮ್ಮ ಮನೆಯ ಟ್ರೆಡ್‌ಮಿಲ್ ಕೊಟ್ಟಿದ್ದೇನೆ. ಅದಕ್ಕೆ ನನಗೆ ಶಾಲು ಹೊದಿಸುತ್ತಾರಂತೆ. ಶಾಲು ಅಗೋ, ತಟ್ಟೆಯಲ್ಲಿದೆ. ಬಂದಾಗಿನಿಂದ ನನ್ನ ಕಣ್ಣು ಅದರ ಮೇಲೆಯೇ ಇದೆ. ಹತ್ತು ನಿಮಿಷ ಮಾತನಾಡಿ ಎಂದಿದ್ದಾರೆ. ರಾಯಪ್ಪ ಹತ್ತು ನಿಮಿಷದಲ್ಲಿ ಮುಗಿಸಿದ್ದನ್ನು ಯಾರಾದರೂ ನೋಡಿದ್ದೀರಾ?

ವ್ಯಾಯಾಮದ ಬಗ್ಗೆ ಮಾತನಾಡಲು ನನಗಿಂತ ಯೋಗ್ಯರು ಈ ಸಭಾಗೃಹದಲ್ಲಿ ಯಾರಿದ್ದಾರೆ? ಇಂಡಿ ತಾಲೂಕಿನ ನಮ್ಮೂರಿನಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು ನಾನು. ಶಾಲೆಗಿಂತ ಗರಡಿಮನೆಯಲ್ಲಿ ನನ್ನ ಹಾಜರಿ ಹೆಚ್ಚು. ಬೆಳಗ್ಗೆ ಇನ್ನೂರು ದಂಡ, ಮುನ್ನೂರು ಬೈಠಕ್. ಹದಿನೇಳನೆಯ ವಯಸ್ಸಿಗೆ ಒಂದು ಕ್ವಿಂಟಲ್ ತೂಕದ ಗುಂಡುಕಲ್ಲನ್ನು ಹೆಗಲಿಗೇರಿಸಿದೆ. ಈ ಮಾತಿಗೆ ನನ್ನ ಹೆಂಡತಿ ನೀಲಗಂಗಾ ಒಪ್ಪುವುದಿಲ್ಲ. “ನನ್ನ ಮದಿವ್ಯಾಗ ಅದು ಅರವತ್ತು ಕಿಲೋ ಇತ್ರಿ. ಕಲ್ಯಾಣಕ್ಕ ಬಂದ ಮ್ಯಾಲೆ ಕಲ್ಲಿಗೆ ಮೈ ಬಂದೈತಿ ನೋಡ್ರಿ” ಅನ್ನುತ್ತಾಳೆ.

ಅಲ್ಲಿ ಕುಳಿತಿದ್ದಾಳೆ, ಮೂರನೆಯ ಸಾಲಿನ ತುದಿಯ ಕುರ್ಚಿಯಲ್ಲಿ. ಕೋಲು ಇಡಲು ತುದಿಯ ಕುರ್ಚಿಯೇ ಬೇಕು ಅವಳಿಗೆ. ನೀವೆಲ್ಲ ನಕ್ಕಿರಿ. ಅವಳು ನಗಲಿಲ್ಲ.

ಇರಲಿ. ಯಂತ್ರದ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದ ಹಿಂದೆ, ಬೆಲ್ಲ ಮಾರುವವನ ಹೆಂಡತಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ನಡೆಯಬೇಕು ಎಂದರು ಡಾಕ್ಟರು. ಕೋಪರಖೈರಣೆಯಲ್ಲಿರುವ ನಮ್ಮ ಮಗಳು ಸೋನಾಲಿ ತಾಯಿಗೆ ಬೂಟು ತಂದುಕೊಟ್ಟಳು. ಬಿಳಿ ಬೂಟು, ಗುಲಾಬಿ ಲೇಸು. ನೀಲಗಂಗಾ ಇಳಕಲ್ ಸೀರೆಯ ನೆರಿಗೆಯನ್ನು ನಾಲ್ಕು ಬೆರಳು ಮೇಲೆ ಸಿಕ್ಕಿಸಿ, ಆ ಬೂಟು ಮೆಟ್ಟಿ, ದಿನಾ ಬೆಳಗ್ಗೆ ದಾನಮ್ಮನವರ ಜೊತೆ ಕಾಳಾ ತಲಾವಿಗೆ ಹೋಗತೊಡಗಿದಳು. ಕೆರೆಗೆ ಮೂರು ಸುತ್ತು. ಮೊದಲ ವಾರ ಒಂದು ಸುತ್ತಿಗೇ ಏದುಸಿರು. ತಿಂಗಳಾಗುವಷ್ಟರಲ್ಲಿ ಮೂರು ಸುತ್ತು ಹಾಕಿ, ಕೊತ್ತಂಬರಿ ಕೊಂಡು, ದಾರಿಯಲ್ಲಿ ಕೇಳಿದ ಸುದ್ದಿಯನ್ನೆಲ್ಲ ಹೊತ್ತುಕೊಂಡು ಮನೆಗೆ ಬರುತ್ತಿದ್ದಳು. ಚಹಾ ಸೋಸುತ್ತಾ ಒಬ್ಬಳೇ ನಗುತ್ತಿದ್ದಳು. ಸೋನಾಲಿ ಫೋನಿನಲ್ಲಿ, “ಅಪ್ಪಾ, ಆಯಿ ತೋ ಏಕ್‌ದಮ್ ಬದಲ್ ಗಯೀ!” ಎಂದಳು. ಬದಲಾಗಿದ್ದಳು, ನಿಜ.

ಒಂದು ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬ, “ಕಾಯ್ ಶೇಠ್, ವಹಿನಿ ಬೂಟ್ ಘಾಲೂನ್ ಜೋರಾತ್ ಚಾಲ್ತಾತ್!” ಎಂದು ನಕ್ಕ. ಅತ್ತಿಗೆ ಬೂಟು ಹಾಕಿಕೊಂಡು ಭಾರಿ ಜೋರಾಗಿ ನಡೆಯುತ್ತಾರಲ್ಲ, ಎಂದು. ನಾನೂ ನಕ್ಕೆ. ಅವನು ಹಂಗಿಸಿದನೋ ಮೆಚ್ಚಿಕೊಂಡನೋ ಇಂದಿಗೂ ಗೊತ್ತಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಕೇಳಲಿಲ್ಲ. ಸೀರೆಯ ಕೆಳಗೆ ಬೂಟು ಮೆಟ್ಟಿ ರಾಯಪ್ಪನ ಹೆಂಡತಿ ಊರು ಸುತ್ತುತ್ತಾಳೆ ಎಂಬುದೊಂದೇ ನನ್ನ ಕಿವಿಗೆ ಕೇಳಿಸಿತು. ಆ ವಾರವೇ ಯಂತ್ರ ತಂದೆ. ನಾಲ್ಕು ಜನ ಹಮಾಲರು ಮೂರು ಮಹಡಿ ಹೊತ್ತು ತಂದರು. ಕೆಳಗೆ ನಿಂತು ಕೂಗಿದ್ದು ಮಾತ್ರ ನಾನು. ಇಡೀ ಬಿಲ್ಡಿಂಗಿಗೆ ಗೊತ್ತಾಗಬೇಡವೇ?

“ಇನ್ನ ಹೊರಗ ಹೋಗೂ ಜರೂರಿ ಇಲ್ಲ. ಮನ್ಯಾಗ ನಡಿ” ಎಂದೆ.

ಅವಳು ಯಂತ್ರವನ್ನು ನೋಡಿದಳು. “ಇದರ ಮ್ಯಾಲೆ ಎಷ್ಟ್ ನಡದ್ರೂ ಇಲ್ಲೇ ಇರ್ತೀನಲ್ರೀ? ಮಾತಾಡ್ಲಿಕ್ಕಿ ಯಾರ್ ಅದಾರ ಇಲ್ಲಿ?”

“ನಾ ಅದೀನಲ್ಲ” ಎಂದೆ.

ಅವಳು ಬೂಟನ್ನು ಒರೆಸಿ, ಪೇಪರಿನಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟಳು. ಮನೆಯೊಳಗೆ ಚಪ್ಪಲಿಯನ್ನೇ ಮೆಟ್ಟದವಳು ಬೂಟು ಮೆಟ್ಟುವಳೇ? ಬರಿಗಾಲಲ್ಲೇ, ಗೋಡೆ ನೋಡಿಕೊಂಡು ನಡೆದಳು. ದಾನಮ್ಮನವರು ಎರಡು ಸಲ ಕೆಳಗಿನಿಂದ ಕೂಗಿದರು. ಎರಡು ಸಲವೂ ಕಿಟಕಿಯಿಂದ ಉತ್ತರ ಕೊಟ್ಟವನು ನಾನು.

ಆ ಯಂತ್ರಕ್ಕೆ ಒಂದು ಕೆಂಪು ದಾರವಿತ್ತು. ದಾರದ ಒಂದು ತುದಿಗೆ ಅಯಸ್ಕಾಂತದ ಕೀಲಿ, ಇನ್ನೊಂದು ತುದಿಗೆ ಕ್ಲಿಪ್ಪು. ಅಂಗಡಿಯವನು ಬಿಡಿಸಿ ಹೇಳಿದ್ದ: ನಡೆಯುವವರು ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಿಕೊಳ್ಳಬೇಕು, ಹಿಂದೆ ಸರಿದರೆ ದಾರ ಎಳೆದು ಕೀಲಿ ಕಳಚುತ್ತದೆ, ಯಂತ್ರ ತಾನಾಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಅದು ಮತ್ತೆ ಮತ್ತೆ ಕಳಚುತ್ತಿತ್ತು. ಗುಂಡುಕಲ್ಲು ಎತ್ತಿದವನ ಮನೆಯಲ್ಲಿ ಬೀಳುವವರು ಯಾರಿದ್ದಾರೆ ಎಂದು ನಾನು ದಾರವನ್ನು ಕತ್ತರಿಸಿ, ಕೀಲಿಯನ್ನು ಟೇಪು ಹಾಕಿ ಯಂತ್ರಕ್ಕೇ ಅಂಟಿಸಿಬಿಟ್ಟೆ. ದಾರ ಗಟ್ಟಿಯಾಗಿತ್ತು. ಕನ್ನಡಕಕ್ಕೆ ಕಟ್ಟಿಕೊಂಡೆ. ಇದೇ ಅದು, ನೋಡಿ, ಕೊರಳಲ್ಲಿ. ಚಲೋ ದಾರ, ಎಲ್ಲಿ ತಂದಿರಿ ರಾಯಪ್ಪಣ್ಣಾ ಎಂದು ಎಷ್ಟೋ ಜನ ಕೇಳಿದ್ದೀರಿ.

ಸಂಘದ ಕಾರ್ಯದರ್ಶಿ ಬರೆದುಕೊಟ್ಟ ಭಾಷಣ ಇಲ್ಲಿ, ಈ ಕಾಗದದಲ್ಲಿದೆ. ಇದರಲ್ಲಿ ಮುಂದಿನ ಸಾಲು, “ಎರಡು ವರ್ಷದ ಹಿಂದೆ ನಮ್ಮ ಮನೆಯವರು ಬಾತ್‌ರೂಮಿನಲ್ಲಿ ಜಾರಿ ಬಿದ್ದ ಕಾರಣ ಯಂತ್ರವನ್ನು ಬಳಸುವವರಿಲ್ಲದೆ” ಎಂದಿದೆ. ಇವತ್ತು ಬೆಳಗ್ಗೆ ಕನ್ನಡಿಯ ಮುಂದೆ ಇದನ್ನು ಓದಿ ರೂಢಿ ಮಾಡುತ್ತಿದ್ದೆ. ನೀಲಗಂಗಾ ಅಡುಗೆಮನೆಯಿಂದಲೇ ಹೇಳಿದಳು: “ಉಳಿದದ್ದೆಲ್ಲಾ ಓದ್ರಿ. ಬಾತ್‌ರೂಮಿಂದೊಂದು ಬಿಡ್ರಿ. ಹೇಳಿ ಹೇಳಿ ನನಗೂ ಅದ ಖರೆ ಅನಸಲಿಕ್ಕಿ ಹತ್ತೈತಿ.”

ಬಿಡುತ್ತೇನೆ. ಅವಳು ಬಾತ್‌ರೂಮಿನಲ್ಲಿ ಬೀಳಲಿಲ್ಲ.

ಅಂದು ಭಾನುವಾರ. ವಿಜಯಪುರದಲ್ಲಿರುವ ನನ್ನ ಚಿಕ್ಕಪ್ಪನ ಮಗ ಮಾಪಣ್ಣ ವಿಡಿಯೋ ಕಾಲ್ ಮಾಡಿದ್ದ. ಅವಳು ಯಂತ್ರದ ಮೇಲಿದ್ದಳು. ನಮ್ಮ ಮನೆಯ ಯಂತ್ರ ನೋಡು, ನಿಮ್ಮೂರಲ್ಲಿ ಯಾರಿಗಾದರೂ ಇದೆಯೇ ಎಂದು ಒಂದು ಕೈಯಲ್ಲಿ ಫೋನು ಹಿಡಿದು ತೋರಿಸಿದೆ. ಮಾಪಣ್ಣ, “ಏ, ಇಷ್ಟ ಸಾವಕಾಶ ನಮ್ಮ ಎಮ್ಮೀನೂ ನಡೀತೈತೋ ಅಣ್ಣಾ” ಎಂದ. ನಾನು ಇನ್ನೊಂದು ಕೈಯಿಂದ ವೇಗ ಹೆಚ್ಚಿಸುವ ಬಟನ್ ಒತ್ತಿದೆ. ನಾಲ್ಕು. ಐದು.

“ಸಾಕ್ರೀ” ಎಂದಳು.

“ಇನ್ನೂ ಐತಿ, ತಡಿ” ಎಂದೆ. ಆರು. ಏಳು.

“ಸಾಕಂದೆ” ಎಂದಳು. ನಾನು ನೋಡುತ್ತಿದ್ದದ್ದು ಅವಳನ್ನಲ್ಲ, ಫೋನಿನಲ್ಲಿ ನಗುತ್ತಿದ್ದ ಮಾಪಣ್ಣನನ್ನು. ಎಂಟು.

ಅವಳು ಬಿದ್ದಾಗ ಫೋನೂ ನನ್ನ ಕೈಯಿಂದ ಬಿತ್ತು. ಮಾಪಣ್ಣನಿಗೆ ನಮ್ಮ ಮನೆಯ ಫ್ಯಾನ್ ಬಿಟ್ಟರೆ ಬೇರೇನೂ ಕಾಣಲಿಲ್ಲ. ಯಂತ್ರದ ಪಟ್ಟಿ ಮಾತ್ರ ಓಡುತ್ತಲೇ ಇತ್ತು. ಅವಳ ಸೀರೆಯ ಸೆರಗು ಅದರಲ್ಲಿ ಸಿಕ್ಕಿತ್ತು. ನಾನು ಗಾಬರಿಯಲ್ಲಿ ಕೀಲಿ ಕೀಳಲು ಹೋದೆ. ಟೇಪು ಬಿಡಲಿಲ್ಲ. ನಾನೇ ಹಾಕಿದ ಟೇಪು.

ತೊಡೆಯ ಮೂಳೆ ಮುರಿದಿತ್ತು. ರಿಕ್ಷಾದಲ್ಲಿ ನಾನು ಅಳುತ್ತಿದ್ದೆ. ಹೌದು, ನಾನೇ. ನೋವಿನಲ್ಲಿದ್ದವಳು ಅವಳು, ಮಾತು ಜೋಡಿಸಿಕೊಟ್ಟವಳೂ ಅವಳೇ. “ಬಾತ್‌ರೂಮಿನ್ಯಾಗ ಜಾರಿದೆ ಅಂತ ಹೇಳೂಣು. ನೀವು ಅಳಬ್ಯಾಡ್ರಿ, ಮಂದಿ ನೋಡ್ತಾರ.” ಮಂದಿ ನೋಡುತ್ತಾರೆ! ಆ ಮಾತನ್ನು ಅವಳಿಗೆ ಕಲಿಸಿದವನು ಯಾರು?

ಸುಳ್ಳು ಅವಳದು, ಆದರೆ ಅದಕ್ಕೆ ಸಾಬೂನು ಹಚ್ಚಿದವನು ನಾನು. ಯಾವ ಸಾಬೂನು, ಎಷ್ಟು ನೀರು ಚೆಲ್ಲಿತ್ತು, ಎಲ್ಲವನ್ನೂ ನಿಮಗೆ ವರ್ಣಿಸಿದೆ. ನೀವು ನಂಬಿದಿರಿ. ಡಾಕ್ಟರ್ ಪುಂಡರೀಕಾಕ್ಷ ಅವರೇ, ತಾವು ಇದೇ ವೇದಿಕೆಯಲ್ಲಿ ಬಾತ್‌ರೂಮಿನ ಸುರಕ್ಷತೆಯ ಬಗ್ಗೆ ಉಪನ್ಯಾಸ ಕೊಟ್ಟಿರಿ. ಸಂಘದವರು ಮನೆ ಮನೆಗೆ ರಬ್ಬರ್ ಚಾಪೆ ಹಂಚಿದರು. ಅಂದು ವಂದನಾರ್ಪಣೆ ಮಾಡಿದವನು ಈ ರಾಯಪ್ಪ. ಚಾಪೆ ಎಸೆಯಬೇಡಿ, ಒಳ್ಳೆಯ ಚಾಪೆ. ನನ್ನನ್ನು ಏನೆಂದರೂ ಅನ್ನಿ.

ಈಗ ನೀಲಗಂಗಾ ಮನೆಯಿಂದ ಹಿಟ್ಟಿನ ಗಿರಣಿಯವರೆಗೆ ನಡೆಯುತ್ತಾಳೆ. ನಡುವೆ ಎರಡು ಕಡೆ ನಿಲ್ಲುತ್ತಾಳೆ. ಕೆರೆ ಗಿರಣಿಯಿಂದ ಇನ್ನೂ ಮುಂದಿದೆ. ಅವಳಿಗೆ ಮೂರು ಸುತ್ತಿನ ಕೆರೆ ಇತ್ತು. ಆ ಕೆರೆಯನ್ನು ನಾನು ಒಂದು ಗೋಡೆಗೆ ಬದಲಾಯಿಸಿದೆ, ಗಿರಾಕಿಯೊಬ್ಬನ ನಗುವಿಗೆ ಹೆದರಿ. ಇದನ್ನು ದಾನ ಎಂದು ಹೇಗೆ ಕರೆಯಲಿ? ಮನೆಯಲ್ಲಿ ನೋಡಲಾಗದ್ದನ್ನು ಹೊರಗೆ ಸಾಗಿಸಿದ್ದೇನೆ, ಅಷ್ಟೇ.

ಅಧ್ಯಕ್ಷರೇ, ಯಂತ್ರದ ಮೇಲೆ ನನ್ನ ಹೆಸರಿನ ಫಲಕ ಹಾಕಿಸಿದ್ದೀರಿ. ದಯವಿಟ್ಟು ತೆಗೆಸಿ. ಆ ಜಾಗದಲ್ಲಿ ಬೇಕಾದರೆ, ಮೇಲೆ ಒಬ್ಬರು ನಡೆಯುತ್ತಿರುವಾಗ ಇನ್ನೊಬ್ಬರು ಬಟನ್ ಮುಟ್ಟಬಾರದು ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ಶಾಲನ್ನು ಒಳಗಿಡಿ. ಚಂದದ ಶಾಲು. ಬರುವ ವರ್ಷ ಯೋಗ್ಯರಿಗೆ ಹೊದಿಸೋಣ.

ಅಟ್ಟದಿಂದ ಆ ಬೂಟನ್ನು ಇಳಿಸಿ ನಿನ್ನೆಯೇ ಒರೆಸಿಟ್ಟಿದ್ದೇನೆ. ನಾಳೆ ಬೆಳಗ್ಗೆ ಕೆರೆಯ ಕಡೆಗೆ ಎಷ್ಟು ದೂರ ಆಗುತ್ತದೋ ಅಷ್ಟು ದೂರ, ನಾನೂ ಬರಲೇ ಎಂದು ಅವಳನ್ನು ಕೇಳಬೇಕು. ಇಲ್ಲಿ, ಈ ಮೈಕಿನಲ್ಲಿಯೇ ಕೇಳಬೇಕೆಂದು ಬಂದಿದ್ದೆ. ಕೇಳುವುದಿಲ್ಲ. ಇಷ್ಟು ಜನರ ಮುಂದೆ ಕೇಳಿದರೆ ಅವಳು ಒಲ್ಲೆ ಎನ್ನುವುದು ಹೇಗೆ? ಅದೂ ಬಟನ್ ಒತ್ತಿದ ಹಾಗೆಯೇ. ಮನೆಯಲ್ಲಿ ಕೇಳುತ್ತೇನೆ. ಒಲ್ಲೆ ಎಂದರೆ ಸುಮ್ಮನಿರುತ್ತೇನೆ. ದಾನಮ್ಮನವರೇ, ನೀವು ಕೆಳಗಿನಿಂದ ಕೂಗಿ. ಕಿಟಕಿಗೆ ಅವಳೇ ಬರುತ್ತಾಳೆ.

ಕೊನೆಯದಾಗಿ, ಈ ಕೆಂಪು ದಾರ. ಇಗೋ, ಬಿಚ್ಚಿದೆ. ಅಧ್ಯಕ್ಷರೇ, ಹಿಡಿಯಿರಿ, ಇದನ್ನು ಅದರ ಕೀಲಿಗೆ ಮತ್ತೆ ಕಟ್ಟಿಸಿ. ಟೇಪು ಬೆಳಗ್ಗೆಯೇ ಕಿತ್ತಿದ್ದೇನೆ. ಇನ್ನು ತಲೆ ತಗ್ಗಿಸಿದರೆ ನನ್ನ ಕನ್ನಡಕ ಬೀಳುತ್ತದೆ. ಆದರೂ ತಗ್ಗಿಸಿಯೇ, ಕೇಳಿಸಿಕೊಂಡ ನಿಮಗೆಲ್ಲರಿಗೂ ಕೃತಜ್ಞತೆ ಹೇಳುತ್ತೇನೆ, ಮೂರನೆಯ ಸಾಲಿನ ತುದಿಯ ಕುರ್ಚಿಗೆ ಮೊದಲು.

ನಮಸ್ಕಾರ.