ಪಲ್ಸಾರ್ ಅಳೆದವನ ನೆಲ

ಒಂದೂರಲ್ಲಿ ನಕ್ಷತ್ರ ಅಳೆಯುವ ವಿಜ್ಞಾನಿಯೊಬ್ಬ ಇದ್ದ. ನಗಬೇಡಿ ತಾಯಂದಿರೇ, ಹೊಲ ಅಳೆಯುವವರ ಹಾಗೆ ಆಕಾಶ ಅಳೆಯುವವರೂ ಇದ್ದಾರೆ. ಪಲ್ಸಾರ್ ಅಂತ ಒಂದು ಜಾತಿಯ ಸತ್ತ ನಕ್ಷತ್ರ. ಸತ್ತರೂ ಗಿರಗಿರ ತಿರುಗುತ್ತಾ, ನಾಡಿ ಬಡಿದ ಹಾಗೆ ರೇಡಿಯೊ ಮಿಡಿತ ಕಳಿಸುತ್ತಲೇ ಇರುತ್ತದೆ. ಅದು ಆಕಾಶದಲ್ಲಿ ಕರಾರುವಾಕ್ಕಾಗಿ ಎಲ್ಲಿದೆ ಅಂತ ಹೇಳುವುದೇ ಇವನ ಕೆಲಸ.

ಒಂದೇ ದೂರದರ್ಶಕದಿಂದ ಅದು ಆಗುವುದಿಲ್ಲ, ನೋಡಿ. ದೂರ ದೂರ ಎರಡು ಬೇಕು. ಇಲ್ಲಿ ಇವನದೊಂದು, ಬೇರೆ ಸೀಮೆಯಲ್ಲಿ ಇವನ ಗೆಳೆಯನದೊಂದು. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಲೆಕ್ಕಕ್ಕೆ ಒಂದನ್ನು ಅಲುಗುವುದಿಲ್ಲ ಅಂತ ಇಟ್ಟುಕೊಳ್ಳಬೇಕಲ್ಲ? ಇವನು ಯಾರದನ್ನು ಇಟ್ಟುಕೊಂಡ? ತನ್ನದನ್ನೇ!

ಒಂದು ವರ್ಷ ಪಲ್ಸಾರ್‌ಗಳೆಲ್ಲ ಜಾಗ ಬಿಟ್ಟು ಸರಿದ ಹಾಗೆ ಕಂಡವು. ಲೆಕ್ಕ ಹಾಕಿದರೆ ತಪ್ಪು ಗೆಳೆಯನ ಕಡೆ ಬಿತ್ತು.

"ಒಂದು ಯಂತ್ರ ನೋಡ್ಕೊಳ್ಳೋ ಯೋಗ್ಯತೆ ಇಲ್ವೇನೋ ನಿಂಗೆ?" ಅಂದ ಇವನು.

"ಎಲ್ಲಾ ಬಿಚ್ಚಿ ನೋಡಿದೆ ಕಣೋ, ಸರಿಯಾಗೇ ಇದೆ. ನಿನ್ ಕಡೇನೂ ಒಂದ್ಸಲ ನೋಡಪ್ಪ" ಅಂದ ಗೆಳೆಯ.

"ನಂಗೇ ಹೇಳ್ಕೊಡ್ತೀಯಾ?" ಅಂತ ಇವನು ಮೇಲಿನವರಿಗೆ ದೂರು ಕೊಟ್ಟ. ಗೆಳೆಯನ ಕೆಲಸ ಹೋಯಿತು. ಬೇಜವಾಬ್ದಾರಿ ಅನ್ನುವ ಹೆಸರು ಹೊತ್ತು ಅವನು ಮನೆ ಸೇರಿದ.

ಆಮೇಲೆ? ಅಲ್ಲಿಗೆ ಹೊಸಬ ಬಂದರೂ ತಪ್ಪು ಹಾಗೇ ಉಳಿಯಿತು. ಕೊನೆಗೆ ಇವನದೇ ಅಡಿಪಾಯ ಪರೀಕ್ಷಿಸಿದರೆ, ನೆಲ ಕುಸಿದು ಇವನ ದೂರದರ್ಶಕವೇ ಬೆರಳಿನಷ್ಟು ಕೆಳಗಿಳಿದಿತ್ತು. ನಕ್ಷತ್ರ ಸರಿದಿರಲಿಲ್ಲ. ಗೆಳೆಯ ಸರಿದಿರಲಿಲ್ಲ. ಸರಿದವನು ಇವನು!

ಅವತ್ತೇ ಗೆಳೆಯನ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳಬೇಕಿತ್ತೋ ಇಲ್ಲವೋ, ನೀವೇ ಹೇಳಿ? ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಅಂದುಕೊಂಡ. ನನ್ನ ಸನ್ಮಾನವೊಂದು ಮುಗಿಯಲಿ ಅಂದುಕೊಂಡ. ಸದ್ದಿಲ್ಲದೆ ಅಡಿಪಾಯ ಸರಿಮಾಡಿಸಿ, ಬಾಯಿ ಹೊಲಿದುಕೊಂಡು ಕೂತ. ಮೊದಲು ಮಾಡಿದ್ದು ತಪ್ಪು. ಇದು ಪಾಪ.

ಕೊನೆಗೊಂದು ದಿನ ಹೋದ. ಬಾಗಿಲು ತೆಗೆದ ಗೆಳೆಯನ ಹೆಂಡತಿ ಅಳಲಿಲ್ಲ, ಬೈಯಲೂ ಇಲ್ಲ.

"ಅವರು ಹೋಗಿ ತಿಂಗಳಾಯ್ತು ಅಣ್ಣಾ. ನಾನೆಲ್ಲಿ ತಪ್ಪಿದೆ, ನಾನೆಲ್ಲಿ ತಪ್ಪಿದೆ ಅಂತ ಕೊನೇವರ್ಗೂ ಕೇಳ್ತಾನೇ ಇದ್ರು. ಎಲ್ಲಿ ತಪ್ಪಿದ್ರು, ನಿಮಗಾದ್ರೂ ಗೊತ್ತಾ?"

ಉತ್ತರ ಇವನ ಬಾಯಲ್ಲೇ ಇತ್ತು. ಕೇಳಬೇಕಾದ ಕಿವಿ ಬೂದಿಯಾಗಿತ್ತು.

ನೀವೇನು ಕಮ್ಮಿ? ಸೊಸೆ ಸರಿಯಿಲ್ಲ, ಅತ್ತೆ ಸರಿಯಿಲ್ಲ, ತಮ್ಮ ಮೊದಲಿನ ಹಾಗಿಲ್ಲ. ಊರೆಲ್ಲ ಸರಿದುಹೋಯಿತು, ನೀವೊಬ್ಬರು ಮಾತ್ರ ಗೂಟ ಹೊಡೆದ ಹಾಗೆ ನಿಂತಿದ್ದೀರಿ! ಇನ್ನೊಬ್ಬರ ಮೇಲೆ ಬಾಯಿ ಮಾಡುವ ಮುಂಚೆ ನಿಮ್ಮ ಕಾಲ ಕೆಳಗಿನ ನೆಲ ನೋಡಿಕೊಳ್ಳಿ. ತಪ್ಪು ನಿಮ್ಮದೇ ಅಂತ ಈಗಾಗಲೇ ಗೊತ್ತಿರುವವರು ಈ ಸಭೆಯಲ್ಲೇ ಇದ್ದೀರಿ, ನಿಮ್ಮ ಮುಖ ಹೇಳುತ್ತಿದೆ. ಪ್ರಸಾದಕ್ಕೂ ಕಾಯಬೇಡಿ. ನೀವು ದೂರಿದವರು ಇನ್ನೂ ಬದುಕಿದ್ದಾರೆ, ಎದ್ದು ಹೋಗಿ.