ಸಿಂಗಾಪುರದ ಬಾವಿಗೆ ಇಳಿಸಿದ ಮೈಕು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ಮುನಿಕೃಷ್ಣಮ್ಮನ ಮುದ್ದೆ-ಸಾರು ನನ್ನ ಪಾಲಿಗೆ ಇಲ್ಲದೆ ಹೋಗಲಿ. ಮುನಿಕೃಷ್ಣಮ್ಮ ನನ್ನ ಹೆಂಡತಿ. ಆಣೆ ಇಡೋದಕ್ಕೆ ಅದಕ್ಕಿಂತ ದೊಡ್ಡ ಆಸ್ತಿ ನನಗಿಲ್ಲ. ಧೈರ್ಯ ಒಂದಿದೆ, ಬಿಡಿ. ಹೆಬ್ಬಾಳದಿಂದ ಬಾಗಲೂರಿನವರೆಗೆ ನನ್ನಷ್ಟು ಧೈರ್ಯದ ಗಂಡಸನ್ನ ತೋರಿಸಿ, ಅವನ ಮನೆ ಮುಂದೆ ದಿನಾ ಕಸ ಗುಡಿಸ್ತೀನಿ.

ನಡೆದದ್ದು ನಮ್ಮಕ್ಕನ ಮಗ ಜಗನ್‌ಗೆ. ಕಡೇ ಬಸ್ಸಿಳಿದು ನಾನೂ ಅವನೂ ಸಿಂಗಾಪುರದ ನಮ್ಮ ಮನೆ ಕಡೆ ನಡೀತಿದ್ದೆವು. ಫಾರಿನ್ ಸಿಂಗಾಪುರ ಅಲ್ಲ, ಯಲಹಂಕದ ಪಕ್ಕದ್ದು. ಅವನ ಹೆಗಲಲ್ಲಿ ಲ್ಯಾಪ್‌ಟಾಪ್, ಮುಖದಲ್ಲಿ ಸಿಡಿಮಿಡಿ.

"ಮಾವ, ಬೆಳಗಾಗೋದ್ರೊಳಗೆ ಆಗ್ಲಿಲ್ಲ ಅಂದ್ರೆ ಅಂಗಡಿಗೆ ಬೀಗ" ಅಂದ.

ಅವನೂ ಆರ್‌.ಟಿ. ನಗರದ ಗಜಾಲಾ ಅನ್ನೋ ಹುಡುಗಿಯೂ ಸೇರಿ ಕಂಪ್ಯೂಟರ್‌ಗೆ ಹಾಕೋ ಮೈಕು ತಯಾರಿಸ್ತಾರೆ. ಮೈಕಿನ ಜೊತೆ ಡ್ರೈವರ್ ಅಂತ ಒಂದು ಪ್ರೋಗ್ರಾಮು ಬೇಕಂತೆ, ಇಲ್ಲದಿದ್ದರೆ ಮೈಕು ಹೇಳಿದ್ದು ಕಂಪ್ಯೂಟರ್‌ಗೆ ಅರ್ಥವಾಗಲ್ಲ. ಆ ಡ್ರೈವರ್‌ಗೆ ಯಾವುದೋ ದೊಡ್ಡ ಕಂಪನಿ ತನ್ನ ವೆಬ್‌ಸೈಟಿನಲ್ಲಿ ಸರ್ಟಿಫಿಕೇಟ್ ಕೊಡಬೇಕು. ಹುಡುಗರು ಎಲ್ಲಾ ಟೆಸ್ಟೂ ಪಾಸ್ ಮಾಡಿ ಕೂತಿದ್ದರು. ಅಷ್ಟರಲ್ಲಿ ವೆಬ್‌ಸೈಟ್ ಅಪ್‌ಡೇಟ್ ಆಯ್ತು. ಹಳೇ ರಿಸಲ್ಟ್ ನಡೆಯಲ್ಲ, ಹೊಸ ಟೆಸ್ಟ್ ಮಾಡಿ ಕಳಿಸಿ ಅಂತ. ಹೊಸ ಟೆಸ್ಟ್ ಏನಪ್ಪಾ ಅಂದರೆ ಪೂರಾ ನಿಶ್ಶಬ್ದ. ಸದ್ದಿಲ್ಲದ ಕಡೆ ಮೈಕಿಟ್ಟರೆ ಅದಕ್ಕೆ ಏನೂ ಕೇಳಿಸಬಾರದು. ಬೆಳಗ್ಗೆಯೊಳಗೆ ಸರ್ಟಿಫಿಕೇಟ್ ತೋರಿಸದಿದ್ದರೆ ಯಶವಂತಪುರದ ಕಾಲ್ ಸೆಂಟರಿನವರು ಆರ್ಡರ್ ಕ್ಯಾನ್ಸಲ್ ಮಾಡ್ತಾರೆ. ಅವರಿಗಿದ್ದದ್ದು ಅದೊಂದೇ ಆರ್ಡರು.

ಬೆಂಗಳೂರಲ್ಲಿ ನಿಶ್ಶಬ್ದ ಯಾವ ಅಂಗಡಿಯಲ್ಲಿ ಸಿಗುತ್ತೆ, ಹೇಳಿ. ಯಲಹಂಕದ ಇವನ ರೂಮಿನ ಮೇಲೆ ವಿಮಾನ. ಗಜಾಲಾ ಮನೆ ಕೆಳಗೆ ವೆಲ್ಡಿಂಗ್ ಶಾಪು. ಅಲ್ಲಾಳಸಂದ್ರ ಕೆರೆ ಹತ್ತಿರ ಹೋದರೆ ಕಪ್ಪೆ. ಎಲ್ಲಾ ಕಡೆಯೂ ಫೇಲ್.

ಮನೆ ಹಿಂದಿನ ಸೈಟ್ ಹತ್ತಿರ ಬಂದಾಗ ಜಗನ್ ನಿಂತ. "ಮಾವ... ಜೀರುಂಡೆ ಕೇಳಿಸ್ತಿಲ್ಲ."

ಹೌದು. ಅಲ್ಲೀವರೆಗೂ ಜೀ... ಅಂತಿದ್ದದ್ದು, ಅಲ್ಲಿ ಕತ್ತರಿಸಿದ ಹಾಗೆ ನಿಂತಿತ್ತು. ಆ ಸೈಟಿನಲ್ಲಿ ನಮ್ಮ ತಾತನ ಬಾವಿ. ಬೋರ್‌ವೆಲ್ ಬಂದ ಮೇಲೆ ಬತ್ತಿತು, ಕಲ್ಲುಚಪ್ಪಡಿ ಎಳೆದು ಮುಚ್ಚಿದ್ದೆವು. ಬಾಯಿ ಸುಮ್ಮನಿರಬೇಕಲ್ಲ ನನ್ನದು. "ಬಾವಿ ಯಾರ್ದು ಅಂದ್ಕೊಂಡೆ? ನಮ್ದು ಕಣೋ. ಇಡೀ ಬೆಂಗಳೂರಲ್ಲಿ ಇಷ್ಟು ಸದ್ದಿಲ್ದಿರೋ ಜಾಗ ಇನ್ನೊಂದಿಲ್ಲ" ಅಂದೆ.

ಕಿಟಕಿಯಿಂದ ಮುನಿಕೃಷ್ಣಮ್ಮ ಪಿಸುಗುಟ್ಟಿದಳು. "ಆ ಹಾಳು ಬಾವಿ ತೆಗೆದ್ರೆ ಇಬ್ರನ್ನೂ ಒಳಗೆ ತಳ್ಳಿ ಮುಚ್ತೀನಿ."

ತೆಗೆದೆವು. ಚಪ್ಪಡಿ ಗರ್ರ್... ಅಂತು. ಒಳಗಿಂದ ತಣ್ಣನೆ ಗಾಳಿ. ಲ್ಯಾಪ್‌ಟಾಪನ್ನೂ ಮೈಕನ್ನೂ ಬಕೆಟ್ಟಿನಲ್ಲಿಟ್ಟು ಹಗ್ಗ ಬಿಟ್ಟೆವು. ಹಳೇ ರಾಟೆ ಕಿಚ್... ಕಿಚ್... ಕಿಚ್. ತಳಕ್ಕೆ ತಾಗಿ ದಬ್ ಅಂತು. ಮೈಕಿಗೆ ಕೇಳಿಸೋದನ್ನ ಗಜಾಲಾ ತನ್ನ ಮನೆಯಿಂದಲೇ ನೆಟ್‌ನಲ್ಲಿ ಕೇಳ್ತಿದ್ದಳು. ಅವಳ ಜೊತೆ ಮಾತಾಡೋಕೆ ಫೋನ್ ನಮ್ಮ ಕೈಲಿ.

ಟೆಸ್ಟ್ ಶುರುವಾಯ್ತು. ಫೇಲ್.

"ಜಗನ್, ಮೈಕ್ ಹತ್ರ ಯಾಕೋ ಉಸಿರಾಡ್ತಿದೀಯ?" ಅಂದಳು.

"ನಾವು ಮೇಲಿದೀವಿ ಕಣೇ."

ಆ ಕಡೆಯಿಂದ ಬಹಳ ಸಣ್ಣಗೆ, "ಹಾಗಾದ್ರೆ... ಇದು ಯಾರು?"

ಮತ್ತೆ ಮಾಡಿದರು. ಫೇಲ್. ಈ ಸಲ ಉಸಿರಿನ ಜೊತೆ ಕಲ್ಲಿನ ಮೇಲೆ ಉಗುರು ಎಳೆದ ಸದ್ದು. ನನಗಂತೂ ಭಯ ಅನ್ನೋದೇ ಗೊತ್ತಿಲ್ಲ. ಕಾಲು ಮಾತ್ರ ಮನೆ ಕಡೆ ತಿರುಗಿ ನಿಂತಿತ್ತು. "ಎತ್ಬಿಡೋ, ಹೋಗೋಣ" ಅಂದೆ.

ಅವನು ಕೇಳಲಿಲ್ಲ. ಎರಡು ವರ್ಷದ ದುಡಿಮೆ ಆ ಬಕೆಟ್ಟಿನಲ್ಲಿ ಕೂತಿತ್ತು. ಬಾವಿಗೆ ಬಗ್ಗಿದ. ಪಕ್ಕದ ಮನೆಯವರಿಗೆ ಟಿವಿ ಸಣ್ಣ ಮಾಡಿ ಅನ್ನೋ ಹಾಗೆ ಕೇಳಿದ.

"ಸ್ವಲ್ಪ ಹೊತ್ತು ಸುಮ್ನಿರ್ತೀರಾ?"

ತಳದಿಂದ ದನಿ ಬಂತು. ಗಂಡಸಿನದೋ ಹೆಂಗಸಿನದೋ... ಮಣ್ಣು ತುಂಬಿದ ಬಾಯಿ.

"ನಾನ್ಯಾಕೆ ಸುಮ್ನಿರ್ಲಿ. ನೀನಿರ್ತೀಯಾ?"

"ಹೂಂ ಅನ್ಬೇಡ ಜಗನ್" ಅಂದಳು ಗಜಾಲಾ ಫೋನಿನಲ್ಲಿ. "ಅಂಕಲ್, ಅವನ ಬಾಯಿ ಮುಚ್ಚಿ."

ಈ ಹುಡುಗರ ಅಭ್ಯಾಸ ನಿಮಗೆ ಗೊತ್ತಲ್ಲ. ಆ ವೆಬ್‌ಸೈಟು ಅಪ್‌ಡೇಟ್ ಆದಾಗಲೆಲ್ಲ ಮಾರುದ್ದದ ಷರತ್ತು ಕಳಿಸುತ್ತೆ. ಜಗನ್ ಒಂದು ಸಾಲೂ ಓದಲ್ಲ. ಸೀದಾ ಕೆಳಗೆ ಹೋಗಿ 'ಒಪ್ಪಿದೆ' ಒತ್ತುತ್ತಾನೆ. ಎಷ್ಟು ಹೊತ್ತು ಸುಮ್ಮನಿರಬೇಕು, ಯಾರ ಹತ್ತಿರ, ಏನನ್ನೂ ಕೇಳಲಿಲ್ಲ.

"ಇರ್ತೀನಿ" ಅಂದ.

ಉಸಿರು ನಿಂತಿತು. ಉಗುರು ನಿಂತಿತು. ನನ್ನ ಕಿವಿಯೊಳಗಿನ ಗುಂಯ್ ಅನ್ನೋದೂ ನಿಂತ ಹಾಗಾಯ್ತು... ಟೆಸ್ಟ್ ಪಾಸ್.

ಬೆಳಕು ಹರಿಯೋ ಮುಂಚೆ ಸರ್ಟಿಫಿಕೇಟ್ ಬಂತು. ಆರ್ಡರೂ ಉಳೀತು. ಅಂಗಡಿ ಇವತ್ತಿಗೂ ನಡೀತಿದೆ, ಹೋಗಿ ನೋಡಿ.

ಆವತ್ತೇ ಕಾಲ್ ಸೆಂಟರಿನವರಿಗೆ ಮೈಕ್ ತೋರಿಸೋಕೆ ಆನ್‌ಲೈನ್ ಮೀಟಿಂಗು. ಜಗನ್ ಕೂತು ಒಂದೇ ಸಮ ಮಾತಾಡಿದ. ಆ ಕಡೆಯವರು, "ಸರ್, ಮ್ಯೂಟಲ್ಲಿದೀರಾ" ಅಂದರು. ಮೈಕ್ ಬದಲಾಯಿಸಿದ. ಲ್ಯಾಪ್‌ಟಾಪ್ ಬದಲಾಯಿಸಿದ. ಗಜಾಲಾ ಅದೇ ಮೈಕಿನಲ್ಲಿ ಮಾತಾಡಿದಳು, ಗಂಟೆ ಹೊಡೆದ ಹಾಗೆ ಕೇಳಿಸ್ತು. ಇವನದು ಇಲ್ಲ. ಎದುರಿಗೆ ಕೂತರೆ ತಲೆ ತಿನ್ನೋ ಹಾಗೆ ಮಾತಾಡ್ತಾನೆ. ಆದರೆ ಫೋನಾಗಲಿ, ಮದುವೆ ಮನೆ ಮೈಕಾಗಲಿ, ಯಾವುದೂ ಅವನ ದನಿಯನ್ನ ತಗೊಳ್ಳಲ್ಲ. ಡಾಕ್ಟ್ರು ಗಂಟಲು ನೋಡಿ ಎಲ್ಲಾ ಸರಿಯಿದೆ ಅಂದರು. ಮುನಿಕೃಷ್ಣಮ್ಮ ಆ ಬಾವಿಗೆ ಲಾರಿಗಟ್ಟಲೆ ಮಣ್ಣು ಹೊಡೆಸಿ, ಮೇಲೆ ಕಾಂಕ್ರೀಟ್ ಹಾಕಿಸಿದಳು. ಏನೂ ಬದಲಾಗಲಿಲ್ಲ. ಅವನು ಫೋನ್ ಮಾಡಿದರೆ ನನಗೆ ಏನೂ ಕೇಳಿಸಲ್ಲ. ಬರೀ ಖಾಲಿ. ಹೇಳೋದಿದ್ದರೆ ಮೆಸೇಜ್ ಹಾಕ್ತಾನೆ.

ನಡೆದದ್ದು ಇಷ್ಟು. ನಂಬದಿದ್ದರೆ ಅವನ ನಂಬರ್ ಕೊಡ್ತೀನಿ, ನೀವೇ ಮಾಡಿ.

ಬೇಡ, ಮಾಡಬೇಡಿ. ಒಂದು ಸಣ್ಣ ವಿಷಯ ನಾನು ಕಟ್ಟಿ ಹೇಳಿದೆ, ನಿಮಗೆ ರಾತ್ರಿ ನಿದ್ದೆ ಬರಲಿ ಅಂತ. ಏನೂ ಕೇಳಿಸಲ್ಲ ಅಂದೆನಲ್ಲ... ಅದು ಸುಳ್ಳು. ಕೇಳಿಸುತ್ತೆ. ಯಾರೋ ರಾಟೆಯಲ್ಲಿ ನಿಧಾನವಾಗಿ ನೀರು ಸೇದೋ ಸದ್ದು. ಕಿರ್... ಕಿರ್... ಮೊದಮೊದಲು ಕೊಡ ಬಹಳ ಕೆಳಗಿರ್ತಿತ್ತು.

ಮೊನ್ನೆ ಅದು ಬಾವಿಯ ಕಟ್ಟೆಗೆ ತಾಗಿದ್ದು ಕೇಳಿಸ್ತು. ಠಣ್ ಅಂತ.